ಹಿತದ ನಂಟು, ಬಂಧುತ್ವದ ನಂಟು

ಕಾರ್ಮಿಕ ಸಂಘವೊಂದು ಒಡೆಯದೆ ನಿಲ್ಲುವುದು ಯಾವುದರ ಬಲದಿಂದ ಎಂಬುದನ್ನು ಅರ್ಥಶಾಸ್ತ್ರದ ಪ್ರಶ್ನೆಯೆಂದು ಬಗೆಯುವುದು ವಾಡಿಕೆಯಾದರೂ, ಅದು ಮೂಲತಃ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ. ಕೂಲಿ, ಕೆಲಸದ ಅವಧಿ, ಭವಿಷ್ಯನಿಧಿ ಮುಂತಾದ ಸಮಾನ ಹಿತಗಳು ದುಡಿಯುವವರನ್ನು ಒಂದೆಡೆ ಸೇರಿಸುತ್ತವೆ ಎಂಬುದು ನಿಜ. ಆದರೆ ಸೇರಿದವರನ್ನು ಹಿತವೊಂದೇ ಹಿಡಿದಿಡಬಲ್ಲದೇ, ಅಥವಾ ಪಕ್ಕದಲ್ಲಿ ದುಡಿಯುವವರನ್ನು ತನ್ನ ಸರಿಸಮಾನರೆಂದು ಒಪ್ಪುವ ಬಂಧುತ್ವವು ಅದಕ್ಕೂ ಮೊದಲೇ ಇರಬೇಕೇ ಎಂಬುದು ವಿಚಾರಕ್ಕೆ ಉಳಿದ ಮಾತು. 1926ರ ಕಾರ್ಮಿಕ ಸಂಘಗಳ ಕಾಯ್ದೆಯು ಏಳು ಮಂದಿ ಸದಸ್ಯರು ಸಹಿ ಹಾಕಿದರೆ ಸಂಘವನ್ನು ನೋಂದಾಯಿಸಲು ಅವಕಾಶ ಕೊಟ್ಟಿತು. ಆ ಏಳು ಮಂದಿ ಒಂದೇ ಕೊಡದ ನೀರು ಕುಡಿಯುವರೇ ಎಂದು ಅದು ಕೇಳಲಿಲ್ಲ.

ಈ ಪ್ರಶ್ನೆಗೆ ನಾಗಪುರದಷ್ಟು ತಕ್ಕ ನೆಲೆ ಮತ್ತೊಂದು ಸಿಗುವುದು ಕಷ್ಟ. 1877ರಲ್ಲಿ ಜಮ್‌ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಆರಂಭವಾದ ಈ ನಗರದಲ್ಲಿಯೇ 1929ರಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧಿವೇಶನವು, ಬ್ರಿಟಿಷ್ ಸರ್ಕಾರದ ಕಾರ್ಮಿಕ ಆಯೋಗವನ್ನು ಬಹಿಷ್ಕರಿಸಬೇಕೇ ಎಂಬ ವಿವಾದದಲ್ಲಿ ಇಬ್ಭಾಗವಾಗಿ, ಎನ್. ಎಂ. ಜೋಶಿ ಮೊದಲಾದವರು ಹೊರನಡೆದರು. ಅದು ಮತಭೇದದಿಂದ ಆದ ಒಡಕು. ಅಂಥದ್ದು ಕಾಲಾಂತರದಲ್ಲಿ ಕೂಡಿಕೊಳ್ಳಲೂಬಹುದು. ಅದಕ್ಕಿಂತ ಆಳದಲ್ಲಿದ್ದ ಇನ್ನೊಂದು ಒಡಕು ಯಾವ ಅಧಿವೇಶನದ ನಿರ್ಣಯಕ್ಕೂ ಕಾಯದೆ ಕಾರ್ಖಾನೆಯ ಒಳಗೇ ಇತ್ತು.

ಉದಾಹರಣೆಗೆ, ಮುಂಬಯಿಯ ಹತ್ತಿ ಗಿರಣಿಗಳ ನೇಯ್ಗೆ ವಿಭಾಗದಲ್ಲಿ ಕೂಲಿ ಹೆಚ್ಚು, ಆದರೆ ಅಲ್ಲಿ ಅಸ್ಪೃಶ್ಯರೆನಿಸಿದವರಿಗೆ ಪ್ರವೇಶವಿರಲಿಲ್ಲ. ಲಾಳಿಯ, ಎಂದರೆ ಮಗ್ಗದಲ್ಲಿ ಅಡ್ಡನೂಲನ್ನು ಒಯ್ಯುವ ಸಾಧನದ, ನೂಲು ಮುಗಿದಾಗ ನೇಕಾರನು ಹೊಸ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಹೊರತೆಗೆಯಬೇಕಾಗಿತ್ತು. ಒಬ್ಬರ ಬಾಯಿ ತಾಕಿದ ಲಾಳಿಗೆ ಇನ್ನೊಬ್ಬರ ಬಾಯಿ ತಾಕುವುದೆಂದರೆ ಮೈಲಿಗೆ ಎಂಬುದೇ ಆ ತಡೆಗೆ ಕಾರಣ. ಗಮನಿಸಬೇಕಾದ್ದೆಂದರೆ, ಈ ಗೋಡೆಯನ್ನು ಎಬ್ಬಿಸಿದವರು ಮಾಲೀಕರಲ್ಲ, ಜೊತೆಯ ಕಾರ್ಮಿಕರು. 1928ರ ದೊಡ್ಡ ಮುಷ್ಕರದ ವೇಳೆ ಡಾ. ಬಿ. ಆರ್. ಅಂಬೇಡ್ಕರ್ ಅವರು ಈ ತಡೆಯ ನಿವಾರಣೆಯೂ ಬೇಡಿಕೆಗಳಲ್ಲಿ ಸೇರಬೇಕೆಂದು ಪಟ್ಟುಹಿಡಿದಾಗ, ಸಂಘದ ಮುಖಂಡರು ಒಪ್ಪಿದ್ದು ಅರೆಮನಸ್ಸಿನಿಂದ. ಜಾತಿಯು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆಯೂ ಹೌದು ಎಂದು 1936ರಲ್ಲಿ ‘ಜಾತಿ ವಿನಾಶ’ದಲ್ಲಿ ಅವರು ಮಂಡಿಸಿದ ವಾದವು ಇಂಥ ಕಂಡುಂಡ ಸಂಗತಿಗಳ ಮೇಲೆ ನಿಂತದ್ದೇ ಹೊರತು ಬರಿಯ ತರ್ಕದ ಮೇಲಲ್ಲ.

1938ರ ಫೆಬ್ರುವರಿಯಲ್ಲಿ ಮನ್ಮಾಡದಲ್ಲಿ ನಡೆದ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನದಲ್ಲಿ ಅವರು ದುಡಿಯುವವರಿಗೆ ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಎಂಬ ಇಬ್ಬರು ಶತ್ರುಗಳಿದ್ದಾರೆಂದು ಹೇಳಿದರು. ಬ್ರಾಹ್ಮಣ್ಯವೆಂದರೆ ಒಂದು ಸಮುದಾಯವಲ್ಲ, ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ಅಲ್ಲಗಳೆಯುವ ಮನೋಭಾವ, ಅದು ಎಲ್ಲ ವರ್ಗಗಳಲ್ಲೂ ಹಬ್ಬಿದೆ ಎಂದು ಅಲ್ಲಿಯೇ ವಿವರಿಸಿದರು. ದಲಿತರು ಹಳಿ ಕಾಯುವ ಗ್ಯಾಂಗ್‌ಮನ್ನರಾಗಿಯೇ ಉಳಿಯುತ್ತಾರೆ, ಪೋರ್ಟರ್ ಆಗುವುದೂ ಅವರಿಗೆ ದುರ್ಲಭ, ಏಕೆಂದರೆ ಪೋರ್ಟರನು ಸ್ಟೇಷನ್ ಮಾಸ್ತರರ ಮನೆಗೆಲಸಕ್ಕೂ ಒದಗಬೇಕಾಗುತ್ತದೆ ಎಂಬ ಅವರ ವಿವರಣೆ ಎದೆ ಕಲಕುವಂಥದ್ದು. ಇಂಥ ಮಾತು ಕಾರ್ಮಿಕರ ಒಗ್ಗಟ್ಟನ್ನು ಒಡೆಯುತ್ತದೆ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದು ಒಪ್ಪತಕ್ಕ ಆಕ್ಷೇಪವಲ್ಲ; ಮೊದಲೇ ಒಡೆದದ್ದನ್ನು ಒಡೆದಿದೆ ಎಂದು ಹೇಳಿದವರ ಮೇಲೆ ಒಡೆದ ತಪ್ಪನ್ನು ಹೊರಿಸಲಾಗದು. ಅಷ್ಟೇ ಅಲ್ಲ, ಅದೇ ವರ್ಷದ ನವೆಂಬರ್ 7ರಂದು, ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷವು ಕಮ್ಯುನಿಸ್ಟರ ಜೊತೆಗೂಡಿ ಮುಷ್ಕರ ನಡೆಸಿತು.

ನಾಗಪುರದ ಮನೀಶ್ ನಗರ ಬಡಾವಣೆಯಿಂದ ಕೆಲವೇ ಕಿಲೋಮೀಟರ್ ದೂರದ ದೀಕ್ಷಾಭೂಮಿಯಲ್ಲಿ 1956ರ ಅಕ್ಟೋಬರ್ 14ರಂದು ಅಂಬೇಡ್ಕರರೊಂದಿಗೆ ಲಕ್ಷಾಂತರ ಜನ ಬೌದ್ಧ ಧರ್ಮ ಸ್ವೀಕರಿಸಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸ್ವಾತಂತ್ರ್ಯವನ್ನೂ ಸಮಾನತೆಯನ್ನೂ ಕಾನೂನು ಒಂದು ಮಟ್ಟಿಗೆ ಕಾಯಬಹುದು, ಆದರೆ ಬಂಧುತ್ವವಿಲ್ಲದಲ್ಲಿ ಅವೆರಡೂ ನಿಲ್ಲಲಾರವು ಎಂಬುದು ಅಂಬೇಡ್ಕರರ ನಿಲುವು. ಆ ಬಂಧುತ್ವದ ತತ್ತ್ವವನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಪಡೆದದ್ದೆಂದು ಅವರು 1954ರ ಆಕಾಶವಾಣಿ ಭಾಷಣದಲ್ಲಿ ಸ್ಪಷ್ಟಪಡಿಸಿದ್ದರು. ಬೌದ್ಧ ವಿನಯಪಿಟಕದಲ್ಲಿ, ಎಂದರೆ ಭಿಕ್ಷುಸಂಘದ ನಡಾವಳಿಯ ಗ್ರಂಥದಲ್ಲಿ, ಶಾಕ್ಯ ರಾಜಕುಮಾರರು ಕ್ಷೌರಿಕ ಉಪಾಲಿಗೆ ತಮಗಿಂತ ಮೊದಲು ದೀಕ್ಷೆ ಕೊಡಬೇಕೆಂದು ತಾವೇ ಕೇಳಿಕೊಂಡ ಪ್ರಸಂಗ ಬರುತ್ತದೆ: ಮೊದಲು ದೀಕ್ಷೆ ಪಡೆದವನಿಗೆ ಉಳಿದವರು ವಂದಿಸಬೇಕಾದ್ದರಿಂದ ತಮ್ಮ ಕುಲದ ಹಮ್ಮು ಇಳಿಯಲಿ ಎಂಬುದು ಅವರ ಬಯಕೆ. ಒಗ್ಗಟ್ಟಿಗೆ ಬೆಲೆ ತೆರಬೇಕಾದವರು ಮೇಲಿದ್ದವರು ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಸಾಧ್ಯವಿಲ್ಲ.

ಕನ್ನಡ ನಾಡಿನಲ್ಲಿ ಇದೇ ವಿಚಾರ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ಮತ್ತು ದಾಸೋಹಗಳ ರೂಪದಲ್ಲಿ ಮೂಡಿತು. ಮೈಮುರಿದು ಮಾಡುವ ಸತ್ಯಶುದ್ಧ ದುಡಿಮೆ ಕಾಯಕ. ದುಡಿದು ಬಂದುದನ್ನು ಕೊಡುವವನೆಂಬ ಹಮ್ಮಿಲ್ಲದೆ ಸಮುದಾಯಕ್ಕೆ ಸಲ್ಲಿಸುವುದು ದಾಸೋಹ. ದುಡಿಮೆಯೇ ಪೂಜೆಯಾದ ಮೇಲೆ ಹಕ್ಕಿನ ಮಾತೇಕೆ ಎಂದು ಕೂಲಿ ಕೇಳಿದವರ ಬಾಯಿ ಮುಚ್ಚಿಸಲು ಈ ತತ್ತ್ವವನ್ನು ಬಳಸುವುದುಂಟು. ಇದು ಶರಣರಿಗೆ ಬಗೆಯುವ ಅನ್ಯಾಯ. ಬಿದ್ದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠವಾಗಿ ಹೇಳುತ್ತಾರೆ. ವಾಸ್ತವದಲ್ಲಿ ಅದು ಅಗತ್ಯಕ್ಕಿಂತ ಹೆಚ್ಚು ಕೂಡಿಡುವವರೆಲ್ಲರನ್ನೂ ಕೇಳುವ ಪ್ರಶ್ನೆ, ಹಾಗಾಗಿ ಮಾರಯ್ಯನಿಗಿಂತ ಹೆಚ್ಚು ಸಂಗ್ರಹಿಸಿದವರನ್ನೇ ಮೊದಲು ತಟ್ಟಬೇಕು.

ಇಂದಿನ ಮನೀಶ್ ನಗರದಂಥ ವಸತಿ ಬಡಾವಣೆಗಳಲ್ಲಿ ದುಡಿಯುವವರಿಗೆ ಕಾರ್ಖಾನೆಯ ಒಂದೇ ಸೂರು ಕೂಡ ಇಲ್ಲ. ಕಾವಲುಗಾರರು ಒಂದೊಂದು ಗೇಟಿನಲ್ಲಿ ಒಬ್ಬೊಬ್ಬರಾಗಿ, ಮನೆಗೆಲಸದ ಹೆಂಗಸರು ಒಂದೊಂದು ಅಡುಗೆಮನೆಯಲ್ಲಿ ಒಬ್ಬೊಬ್ಬರಾಗಿ ದುಡಿಯುತ್ತಾರೆ. ಮಹಾರಾಷ್ಟ್ರವು ಖಾಸಗಿ ಕಾವಲುಗಾರರಿಗಾಗಿ 1981ರಲ್ಲಿ, ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ 2008ರಲ್ಲಿ ಕಾಯ್ದೆ ಮಾಡಿತಾದರೂ, ಇಷ್ಟು ಚದುರಿದವರನ್ನು ಕೂಡಿಸುವ ಕೆಲಸ ಕಾಯ್ದೆಯಿಂದ ಆಗುವಂಥದ್ದಲ್ಲ.

ಕರ್ನಾಟಕದ ಪೌರಕಾರ್ಮಿಕರ ಅನುಭವ ಇಲ್ಲಿ ಬೆಳಕು ಚೆಲ್ಲುತ್ತದೆ. ಬಹುಪಾಲು ದಲಿತರೂ ಮಹಿಳೆಯರೂ ಆದ ಅವರು 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿ, ಕಾಯಂಗೊಳಿಸುವ ಭರವಸೆಯನ್ನು ಸರ್ಕಾರದಿಂದ ಪಡೆದರು. ಆದರೆ ಅದೇ ಕಸವನ್ನು ಹೊತ್ತೊಯ್ಯುವ ವಾಹನಗಳ ಚಾಲಕರು ಮತ್ತು ಲೋಡರುಗಳು ಗುತ್ತಿಗೆಯಲ್ಲಿಯೇ ಉಳಿದರು. ಕಾಯಮಾತಿ ಪಡೆದವರು ಪಡೆಯದವರ ಬೇಡಿಕೆಗಾಗಿ ಮತ್ತೊಮ್ಮೆ ಬೀದಿಗಿಳಿಯುವರೇ ಎಂಬಲ್ಲಿ, ಹಿತದ ನಂಟು ಮುಗಿದ ಮೇಲೂ ಉಳಿಯುವ ನಂಟಿನ ಪರೀಕ್ಷೆ ನಡೆಯುತ್ತಿದೆ.