ಬೆಲೆ ಮತ್ತು ಮಿಗುತೆ

ಬೆಲೆಯನ್ನು ಮಾರುಕಟ್ಟೆಯೊಂದೇ ಕಟ್ಟುವುದಿಲ್ಲ, ಅಧಿಕಾರವೂ ಕಟ್ಟುತ್ತದೆ: ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಪದವಿ ತರಗತಿಯ ಮೊದಲ ಪಾಠವಿದು. ಬೆಂಗಳೂರಿನ ಮಹದೇವಪುರದಲ್ಲಿ ಅದು ಕಣ್ಣಿಗೇ ಕಾಣುತ್ತದೆ. 1990ರ ದಶಕದಲ್ಲಿ ಭಾರತ–ಸಿಂಗಪುರ ಸಹಭಾಗಿತ್ವದಲ್ಲಿ ಎದ್ದ ಐಟಿಪಿಎಲ್ ಎಂಬ ತಂತ್ರಜ್ಞಾನ ಪಾರ್ಕಿನ ಸುತ್ತಮುತ್ತ ದುಡಿಮೆ ಇಲ್ಲಿಯದು, ಗಿರಾಕಿ ಹಲವು ಸಲ ಹೊರದೇಶದವನು. ಅಮೆರಿಕದ ವೀಸಾ ನಿಯಮ ಬದಲಾದರೆ ಇಲ್ಲಿನ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ. ಈ ಪಾರ್ಕ್ ಇರುವ ವೈಟ್‌ಫೀಲ್ಡ್‌ನಲ್ಲೇ 2001ರಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೂ ಹಣ ಪಡೆಯುವುದಿಲ್ಲ. ಇಂಥ ಕೊಡುಗೆ ರಫ್ತಿನ ಲೆಕ್ಕಕ್ಕೆ ಸಿಗದು.

ಹಾಗಾದರೆ ದುಡಿಮೆಯ ಮಿಗುತೆ ಯಾರದು? 12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಶರಣ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಇದ್ದಲ್ಲೇ ಸುರಿದು ಬರಲು ಕಳಿಸಿದಳೆಂಬುದು ಪ್ರಸಿದ್ಧ ಕಥೆ. ಪಠ್ಯಪುಸ್ತಕಗಳು ಮಿಗುತೆಯ ಹಂಚಿಕೆಯನ್ನು ಚರ್ಚಿಸುತ್ತವೆ. ಲಕ್ಕಮ್ಮ ಕೇಳಿದ್ದು ಅದಕ್ಕೂ ಹಿಂದಿನ ಪ್ರಶ್ನೆ, ಅಷ್ಟು ತಂದದ್ದಾದರೂ ಏಕೆ ಎಂದು.