ಆಯುಧಪೂಜೆ ಕಲಿಸುವ ಸಮತ್ವ



ವಿರಾರದಿಂದ ಚರ್ಚ್‌ಗೇಟಿಗೆ ಸುಮಾರು 60 ಕಿಲೋಮೀಟರು. ಹೋಗಿಬರುವುದರಲ್ಲಿಯೇ ದಿನದ ಮೂರು-ನಾಲ್ಕು ತಾಸುಗಳನ್ನು ಕಳೆಯುವ ಗೃಹಸ್ಥನು ದೇವರಿಗೆ, ಮಕ್ಕಳಿಗೆ, ವೃದ್ಧರಾದ ತಂದೆತಾಯಿಗಳಿಗೆ ಸಮಯವನ್ನು ಎಲ್ಲಿಂದ ತಂದಾನು? ‘ನಿವೃತ್ತಿಯಾಗಲಿ, ಆಮೇಲೆ ಎಲ್ಲವೂ ಸರಿಹೋದೀತು’ ಎಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ.

ನಾನೂ ಹಾಗೆಯೇ ಹೇಳಿಕೊಂಡವನು. ‘ಈ ಸಲ ನವರಾತ್ರಿಗಾದರೂ ಬರುವೆಯಾ ಮಗಾ?’ ಎಂದು ಊರಿನಿಂದ ತಾಯಿ ಬರೆಸುತ್ತಿದ್ದ ಕಾಗದಗಳಿಗೆಲ್ಲ ‘ಮುಂದಿನ ವರ್ಷ’ ಎಂಬುದೇ ನನ್ನ ಉತ್ತರವಾಗಿತ್ತು. ನಿವೃತ್ತಿಯೇನೋ ಬಂದಿತು, ಅಷ್ಟರಲ್ಲಿ ಕರೆಯುವವಳೇ ಇಲ್ಲವಾಗಿದ್ದಳು.

ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಊಟ, ನಿದ್ರೆ, ದುಡಿಮೆಗಳೆಲ್ಲವೂ ಹಿತಮಿತವಾಗಿರಬೇಕೆನ್ನುತ್ತಾನೆ. ಈ ಮಾತನ್ನು ಆತ ಹೇಳಿದ್ದು ಏಕಾಂತದ ಆಶ್ರಮದಲ್ಲಲ್ಲ, ರಣರಂಗದ ನಡುವೆ. ವಿಷಾದದಿಂದ ಬಿಲ್ಲನ್ನು ಕೆಳಗೆ ಹಾಕಿದವನಿಗೆ. ಅದೇ ಅರ್ಜುನನು ಹಿಂದೊಮ್ಮೆ ಅಜ್ಞಾತವಾಸದ ಕಾಲಕ್ಕೆ ಬಿಲ್ಲನ್ನು ಶಮೀವೃಕ್ಷದಲ್ಲಿ ಜೋಪಾನವಾಗಿರಿಸಿ, ವೇಳೆ ಬಂದಾಗ ಮರಳಿ ಕೈಗೆತ್ತಿಕೊಂಡಿದ್ದನು. ಬಿಸುಡುವುದು ಬೇರೆ, ಇಳಿಸಿಡುವುದು ಬೇರೆ. ಮಹಾನವಮಿಯಂದು ನಾವು ಆಯುಧಗಳನ್ನು ದೇವಿಯ ಮುಂದಿರಿಸಿ, ದಶಮಿಯಂದು ಬನ್ನಿ ಕೊಟ್ಟು ಮತ್ತೆ ಕಾಯಕಕ್ಕೆ ತೊಡಗುವುದರ ಮರ್ಮವೂ ಇದೇ.

ನಮ್ಮ ಮುಂಬಯಿಯಲ್ಲಿ ದಸರೆಯ ಮುನ್ನಾದಿನ ಪ್ರಯಾಣಿಕರೇ ಲೋಕಲ್ ಗಾಡಿಯ ಡಬ್ಬಿಗಳಿಗೆ ಚೆಂಡುಹೂವಿನ ಮಾಲೆ ಕಟ್ಟಿ ಪೂಜಿಸುತ್ತಾರೆ. ಗಾಡಿಯೇನೂ ನಿಲ್ಲುವುದಿಲ್ಲ, ಓಡುವುದರ ನಡುವೆಯೇ ಆರತಿ. ಅಲ್ಲಿ ನಿಂತು ಪ್ರಯಾಣ ಮಾಡುವವನನ್ನು ಗಮನಿಸಿರಿ. ಗಾಡಿ ವಾಲಿದಂತೆಲ್ಲ ಅವನು ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸುತ್ತಲೇ ಇರುತ್ತಾನೆ. ‘ಸರಿಯಾಗಿ ನಿಂತಾಯಿತು’ ಎಂದು ಮೈಮರೆತರೆ ಮುಗ್ಗರಿಸುತ್ತಾನೆ. ಸಮತ್ವವೂ ಅಂಥದೇ. ಅದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಕ್ಷಣಕ್ಷಣವೂ ಸರಿಪಡಿಸಿಕೊಳ್ಳಬೇಕಾದ ನಿಲುವು. ಹುಡುಕಿದವರಿಗೆ ಅದು ಕೈಗೆ ಸಿಕ್ಕದಿರುವುದು ಈ ಕಾರಣದಿಂದಲೇ.

ಆದುದರಿಂದ, ಬಂಧುಗಳೇ, ಬಿಡುವು ಬರಲೆಂದು ಕಾಯದಿರೋಣ. ಇಂದು ನಮ್ಮೆಲ್ಲರ ಕೈಯಲ್ಲಿರುವ ಆಯುಧ ಮೊಬೈಲು. ಸಂಜೆ ದೀಪ ಹಚ್ಚಿದಾಗ ಅದನ್ನು ಕಾಲು ಗಂಟೆಯಾದರೂ ದೇವರ ಮುಂದಿರಿಸಿ ಮನೆಯವರೊಡನೆ ಕುಳಿತುಕೊಳ್ಳೋಣ. ಊರಿನಲ್ಲಿ ದಾರಿ ಕಾಯುವ ಹಿರಿಯರಿದ್ದರೆ, ‘ಮುಂದಿನ ವರ್ಷ’ ಎನ್ನದೆ ಈ ನವರಾತ್ರಿಗೇ ಹೊರಡೋಣ.

ಎತ್ತಿಕೊಳ್ಳುವ ಶಕ್ತಿಯನ್ನೂ, ಇಳಿಸಿಡುವ ವಿವೇಕವನ್ನೂ ಜಗನ್ಮಾತೆಯು ನಮಗೆಲ್ಲರಿಗೂ ಕರುಣಿಸಲಿ.