ಸಾಲವನ್ನು ಬಿಡುವುದೇ ಕ್ಷಮೆಯೇ?



ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಲೆಕ್ಕದ ಪುಸ್ತಕಗಳು ತೆರೆದುಕೊಳ್ಳುತ್ತವೆ. ಅಂಥ ಒಂದು ಸಂಜೆ ಸಣ್ಣ ಬೆಳೆಗಾರರೊಬ್ಬರು ನನ್ನಲ್ಲಿಗೆ ಬಂದರು. ತಮ್ಮ ತೋಟದ ಲೈನ್ ಮನೆಯವನೊಬ್ಬನಿಗೆ ಆಸ್ಪತ್ರೆಯ ಖರ್ಚಿಗೆಂದು 40,000 ರೂಪಾಯಿ ಕೊಟ್ಟಿದ್ದರು. ಎರಡು ವರ್ಷವಾದರೂ ಹಣ ಹಿಂದೆ ಬಂದಿರಲಿಲ್ಲ. ಪಡೆದವನು ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಭಾನುವಾರದ ಪೂಜೆಗೂ ಬರುವುದನ್ನು ನಿಲ್ಲಿಸಿದ್ದ. "ಫಾದರ್, ಕ್ಷಮಿಸಿರಿ ಎಂದು ನೀವು ಪ್ರಸಂಗ ಮಾಡುತ್ತೀರಿ. ಬ್ಯಾಂಕಿನವರು ನನ್ನ ಸಾಲ ಬಿಡುತ್ತಾರೆಯೇ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. 2000ದ ನಂತರ ಕಾಫಿ ಬೆಲೆ ಕುಸಿದದ್ದನ್ನು, 2019ರ ಆಗಸ್ಟ್ ಮಳೆಯಲ್ಲಿ ತೋಟಗಳೇ ಜರಿದದ್ದನ್ನು ಕಂಡವರು ನಾವು. ಸಾಲ ಕೊಟ್ಟವನೂ ಇಲ್ಲಿ ಸಾಲಗಾರನೇ.

ಯೇಸುಸ್ವಾಮಿ ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಪಾಪಕ್ಕೂ ಸಾಲಕ್ಕೂ ಒಂದೇ ಪದವಿತ್ತು. ಆದ್ದರಿಂದಲೇ ಪ್ರಭು ಕಲಿಸಿದ ಪ್ರಾರ್ಥನೆಯನ್ನು ಬರೆಯುವಾಗ ಸಂತ ಮತ್ತಾಯ ಸಾಲವೆನ್ನುತ್ತಾನೆ, ಸಂತ ಲೂಕ ಪಾಪವೆನ್ನುತ್ತಾನೆ. ಮತ್ತಾಯನ 18ನೆಯ ಅಧ್ಯಾಯದ ಸಾಮತಿಯನ್ನು ನೆನೆಯಿರಿ. ಒಬ್ಬ ಸೇವಕನಿಗೆ ಹತ್ತು ಸಾವಿರ ತಲೆಂತು ಸಾಲ ಮನ್ನಾ ಆಯಿತು. ಒಂದು ದೆನಾರಿ ಒಬ್ಬ ಆಳಿನ ದಿನಗೂಲಿ. ಒಂದು ತಲೆಂತಿಗೆ ಸುಮಾರು ಆರು ಸಾವಿರ ದೆನಾರಿ. ಅಂದರೆ ಮನ್ನಾ ಆದದ್ದು ಆರು ಕೋಟಿ ದಿನಗಳ ಕೂಲಿ. ಅದೇ ಸೇವಕ ಬರೀ ನೂರು ದಿನದ ಕೂಲಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದ. ಅವನು ಹಣ ಕೇಳಿದ್ದಕ್ಕಿಂತ ಕುತ್ತಿಗೆ ಹಿಡಿದದ್ದು ದೊಡ್ಡ ತಪ್ಪು.

ಹಾಗಾದರೆ ಕೊಟ್ಟ ಹಣ ಕೇಳುವುದು ಪಾಪವೇ? ಅಲ್ಲ. ಸಾಲ ತೀರಿಸುವುದು ನ್ಯಾಯದ ಕರ್ತವ್ಯವೆಂದೇ ಧರ್ಮಸಭೆ ಬೋಧಿಸುತ್ತದೆ. ಕರುಣೆ ನ್ಯಾಯವನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎನ್ನುತ್ತಾರೆ ಸಂತ ಥಾಮಸ್ ಅಕ್ವಿನಾಸ್. ಮನ್ನಾ ಮಾಡುವವನು ತನ್ನ ಸ್ವಂತದ್ದನ್ನು ದಾನ ಕೊಟ್ಟ ಹಾಗೆ. ದಾನವನ್ನು ಬಲವಂತದಿಂದ ಪಡೆಯಲಾಗದು. ಕೊಡಲು ಶಕ್ತಿಯಿದ್ದೂ "ಕ್ಷಮಿಸಿಬಿಡಿ" ಎಂದು ಕೈಮುಗಿಯುವವನು ಕ್ಷಮೆ ಕೇಳುತ್ತಿಲ್ಲ, ಇನ್ನೊಬ್ಬನ ಬೆವರನ್ನು ಕೇಳುತ್ತಿದ್ದಾನೆ.

ಆದರೆ ಸಾಲವನ್ನು ಹಗ್ಗವಾಗಿಸಿ ಮನುಷ್ಯನನ್ನು ಕಟ್ಟಿಹಾಕುವಂತಿಲ್ಲ. ಬೀಸುವ ಕಲ್ಲನ್ನು ಅಡವಾಗಿ ತೆಗೆದುಕೊಳ್ಳಬಾರದು, ಬಡವನ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕು ಎಂಬುದು ಧರ್ಮೋಪದೇಶಕಾಂಡದ ಕಟ್ಟಳೆ. ಆಳಿನ ರೇಷನ್ ಕಾರ್ಡನ್ನೋ ಎಟಿಎಂ ಕಾರ್ಡನ್ನೋ ಬೀರುವಿನಲ್ಲಿ ಇಟ್ಟುಕೊಳ್ಳುವುದು ಇಂದಿನ ಬೀಸುವ ಕಲ್ಲೇ ಅಲ್ಲವೇ? ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಹೋಗಕೂಡದೆಂದು ತಡೆದರೆ ಅದು ಜೀತ. 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಅಂಥ ಸಾಲಗಳನ್ನೇ ರದ್ದುಮಾಡಿತು. ಬೈಬಲಿನ ಜುಬಿಲಿ ವರ್ಷದ ಆಶಯವೂ ಅದೇ: ಒಂದು ತಲೆಮಾರಿನ ಕಷ್ಟ ಮುಂದಿನ ತಲೆಮಾರಿನ ಸಂಕೋಲೆಯಾಗಬಾರದು. 2000 ಹಾಗೂ 2025ರ ಜುಬಿಲಿಗಳಿಗೆ ಬಡ ರಾಷ್ಟ್ರಗಳ ಸಾಲ ಮನ್ನಾ ಮಾಡಿರೆಂದು ಪೋಪ್ ಎರಡನೆಯ ಜಾನ್ ಪಾಲ್, ಪೋಪ್ ಫ್ರಾನ್ಸಿಸ್ ಕರೆಕೊಟ್ಟದ್ದು ಇದಕ್ಕೇ.

ಆ ಬೆಳೆಗಾರರಿಗೆ ನಾನು ಹೇಳಿದ್ದು ಇಷ್ಟೇ: "ಹಣದ ಮಾತು ಆಮೇಲಾಗಲಿ, ಮೊದಲು ಅವನ ಮನೆಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬನ್ನಿ." ಅವರು ಹೋದರು. ಅರ್ಧ ಬಿಟ್ಟರು, ಉಳಿದದ್ದನ್ನು ಎರಡು ಕೊಯ್ಲಿನಲ್ಲಿ ತೀರಿಸುವುದೆಂದು ಇಬ್ಬರೂ ಒಪ್ಪಿದರು. ಬ್ಯಾಂಕಿನ ಸಾಲ ಇದ್ದಂತೆಯೇ ಇದೆ. ಆದರೆ ಮುಂದಿನ ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ಇಬ್ಬರೂ ಇದ್ದರು.

ನಿಮ್ಮ ಪುಸ್ತಕದಲ್ಲೂ ಒಂದು ಹೆಸರು ಇರಬಹುದು. ಅಥವಾ ಇನ್ನೊಬ್ಬರ ಪುಸ್ತಕದಲ್ಲಿ ನಿಮ್ಮ ಹೆಸರಿರಬಹುದು. ಕೊಟ್ಟವರು ಕರೆಯಿರಿ, ಪಡೆದವರು ಅಡಗಬೇಡಿ. ಇಂದು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಆ ಹೆಸರನ್ನು ನೆನೆದು, ಪ್ರಭು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿರಿ.